ವಾಮನಭಾವನ ಗೋಡೆಯ ಉಪ್ಪು

ಕಳೆದ ಶ್ರಾವಣದಲ್ಲಿ ವಾಮನಭಾವನನ್ನು ನೋಡಿ ಬರಲು ಹೋಗಿದ್ದೆ. ವಾಮನಭಾವ ಎಂದರೆ ನಮ್ಮವರ ಅಣ್ಣ. ಎದುರಿಗೆ ನೀವು ಎಂದೇ ಮಾತಾಡಿಸುತ್ತೇನೆ. ಬರೆಯಲು ಕೂತಾಗ ಮಾತ್ರ ಅವನಿಗೆ ಬಹುವಚನ ಕೊಡಲು ನನ್ನ ಕೈ ಏಳುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಇನ್ನು ಮೆಟ್ಟಿಲು ಹತ್ತುವುದು ಆಗದ ಮಾತು ಎಂದು ಮಕ್ಕಳು ಅವನ ಮಂಚವನ್ನು ಕೆಳಗಿನ ದೊಡ್ಡ ಕೋಣೆಗೆ ತಂದು ಹಾಕಿದ್ದರು. ಮನೆ ಕಟ್ಟಿಸಿದ ಹೊಸದರಲ್ಲಿ ಆ ಕೋಣೆಯನ್ನು ಅವನು ದಿವಾಣಖಾನೆ ಎಂದು ಕರೆಯುತ್ತಿದ್ದ.

ಮಳೆ ಹಿಡಿದುಕೊಂಡಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒಳಗೆ ಕಾಲಿಟ್ಟ ಕೂಡಲೇ ಹಸಿ ಗೋಡೆಯ ವಾಸನೆ ಬಂತು, ಅದರ ಬೆನ್ನಿಗೇ ಒಲೆಯ ಮೇಲೆ ಉಕ್ಕಿ ಚೆಲ್ಲಿದ ಹಾಲಿನ ವಾಸನೆ. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಂದರೆ ಸಾಕು, ನನ್ನೊಳಗೆ ಒಂದು ಮಳೆಗಾಲ ಎದ್ದು ಕೂರುತ್ತದೆ. ಭಾವನ ಮುಖ ನೋಡುವ ಮೊದಲು ಗೋಡೆ ನೋಡಿದೆ. ಮಂಚದ ಮಗ್ಗುಲಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ, ಬಣ್ಣ ಬೊಕ್ಕೆ ಎದ್ದು ಬಿಳಿ ಉಪ್ಪು ಹೊರಗೆ ಬಂದಿತ್ತು.

"ವರ್ಷಾ ವರ್ಷಾ ಬಣ್ಣ ಹೊಡ್ಸೂದೇ ಆಯ್ತು ಅಕ್ಕೋರೆ," ಎಂದಳು ಅವನ ಸೊಸೆ. "ಸಿಮೆಂಟ್ ಕೆತ್ತಿ ಬೇರೆ ಹಾಕ್ಸಿದ್ರೂ ಮಳೆ ಬಂತಂದ್ರೆ ಮತ್ತೆ ಬರ್ತದೆ. ಎಂತ ಉಪ್ಪೋ ಏನೋ."

ಎಂತ ಉಪ್ಪು ಎಂದು ನನಗೆ ಗೊತ್ತು. ಅದು ಹಾರವಾಡದ ಸಮುದ್ರದ ಉಪ್ಪು. ಡಬ್ಬಿ ಡಬ್ಬಿಯಾಗಿ ಬಸ್ಸಿನಲ್ಲಿ ಹೊತ್ತು ತಂದವಳು ನಾನು.

ನಾನು ಹುಟ್ಟಿದ್ದು ಅಂಕೋಲಾ ತಾಲೂಕಿನ ಹಾರವಾಡದಲ್ಲಿ. ಅಪ್ಪ ಕಂಡವರ ಗದ್ದೆಯಲ್ಲಿ ದುಡಿದವನು, ಅಣ್ಣ ಗಣಪು ಕಂಡವರ ದೋಣಿಯಲ್ಲಿ ಬಲೆ ಎಳೆದವನು. ಮನೆಯಲ್ಲಿ ಓದಿದವಳು ನಾನೊಬ್ಬಳೇ. ಓದಿ ಕಾರವಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಹಿಡಿದೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುತ್ತಾರೆ. ಊರಿಗೂ ಮನೆಗೂ ನಾನು ಅಕ್ಕೋರೇ ಆದೆ. ಮದುವೆಯಾದದ್ದು ಸರಕಾರಿ ಕಚೇರಿಯ ಗುಮಾಸ್ತ ದಿನಕರನನ್ನು. ಕೋಡಿಬಾಗದಲ್ಲಿ ಬಾಡಿಗೆ ಮನೆ. ಗಂಡನ ಮನೆಯವರ ದೃಷ್ಟಿಯಲ್ಲಿ ಮಾತ್ರ ನಾನು ಎಷ್ಟು ಓದಿದರೂ ಹಾರವಾಡದ ಮೀನಿನ ಬುಟ್ಟಿ ತಲೆಯಿಂದ ಇಳಿದಿರಲಿಲ್ಲ.

ಕೊಂಕಣ ತೀರದಲ್ಲಿ ರೈಲು ಹಾದಿಯ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ ಅದು. ಸುಂಕಸಾಳದ ಕಡೆಯಿಂದ ಜಲ್ಲಿ ಸಾಗಿಸುವ ಗುತ್ತಿಗೆ ಹಿಡಿದು ವಾಮನಭಾವ ಏಕಾಏಕಿ ದೊಡ್ಡ ಮನುಷ್ಯನಾಗಿಬಿಟ್ಟಿದ್ದ. ಲಾರಿ ಬಂತು, ನಂದನಗದ್ದೆಯಲ್ಲಿ ಮಹಡಿ ಮನೆ ಬಂತು, ಬೆರಳಿಗೊಂದು ಉಂಗುರ ಬಂತು. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚು ಇರಲಿಲ್ಲ. ನನಗೆ ನನ್ನದೇ ಒಂದು ಹುಚ್ಚು ಹತ್ತಿತ್ತು.

ಮನೆಯಲ್ಲಿ ಸಮುದ್ರ ಸಾಕುವ ಹುಚ್ಚು. ಕೆರೆ ಮೀನು, ಬಣ್ಣದ ಮೀನು ಸಾಕುವವರು ಕಾರವಾರದಲ್ಲಿ ಅಲ್ಲಲ್ಲಿ ಇದ್ದರು. ನನಗೆ ಉಪ್ಪು ನೀರೇ ಬೇಕಿತ್ತು, ಅದರಲ್ಲೂ ಹವಳ ಬೇಕಿತ್ತು. ಮಾಜಾಳಿಯ ಒಬ್ಬ ವೆಲ್ಡರ್ ಹತ್ತಿರ ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಪುಟ್ಟಿ ಮೆತ್ತಿಸಿ ತೊಟ್ಟಿ ತಯಾರಾಯಿತು. ಗಾಳಿ ಬಿಡುವ ಪಂಪು ಮಡಗಾಂವದಿಂದ ಬಂತು. ತಳಕ್ಕೆ ಜಜ್ಜಿದ ಚಿಪ್ಪು ಹಾಸಿದೆ. ಮೊದಮೊದಲು ತಂದದ್ದೆಲ್ಲ ಸತ್ತಿತು. ಬಂಡೆ ಸಂದಿಯಿಂದ ಎಬ್ಬಿಸಿ ತಂದ ಹಸಿರು ಹವಳಗಳು ಟ್ಯೂಬ್‌ಲೈಟಿನ ಬೆಳಕು ಸಾಲದೆ ಬಿಳಿಚಿಕೊಂಡು ಕಲ್ಲಾದವು. ಬಿಸಿಲು ಉಂಡು ಬದುಕುವ ಜೀವಗಳಿಗೆ ನಾನು ಅಡುಗೆಮನೆಯ ಬೆಳಕು ಬಡಿಸುತ್ತಿದ್ದೆ. ಮುಂದೆ ಏನು ಎಂದು ತಲೆಗೆ ಕೈ ಹೊತ್ತು ಕೂತಾಗಲೇ ಗಣಪು ಒಂದು ಪ್ಲಾಸ್ಟಿಕ್ ಬಕೀಟು ಹಿಡಿದು ಬಸ್ಸಿನಿಂದ ಇಳಿದ.

"ಬಲೆಗೆ ಸಿಕ್ಕಿತ್ತು," ಎಂದ. "ಬಿಸಾಡೂಕೆ ಮನಸ್ಸು ಬರ್ಲಿಲ್ಲ. ನೀರಲ್ಲಿಟ್ರೆ ಹೂ ಬಿಡ್ತದೆ, ಮುಟ್ಟಿದ್ರೆ ಮುಚ್ಕಂತದೆ. ನಿಂಗೆ ಇಂಥಾದ್ದೇ ಹುಚ್ಚು ಅಲ್ದಾ, ತಕಾ."

ಬಕೀಟಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು. ಅದರ ಮೈತುಂಬ ಕಿತ್ತಳೆ ಬಣ್ಣದ ಗುಬುಟುಗಳು. ತೊಟ್ಟಿಗೆ ಇಳಿಸಿ, ಸಂಜೆ ದೀಪ ಆರಿಸಿ, ಸಣ್ಣ ಶೆಟ್ಲಿಗಳನ್ನು ಜಜ್ಜಿ ಆ ಸಿಗಡಿ ರಸದ ನಾಲ್ಕು ಹನಿಯನ್ನು ಶಾಯಿ ಹಾಕುವ ಫಿಲ್ಲರಿನಿಂದ ಬಿಟ್ಟೆ. ಒಂದೊಂದು ಗುಬುಟೂ ಮೆಲ್ಲಗೆ ಬಾಯಿ ತೆರೆಯಿತು. ಒಳಗಿಂದ ಹಳದಿ ಎಸಳು ಹೊರಗೆ ಬಂದವು. ನಾನು ಮತ್ತು ಗಣಪು ಸೇವಂತಿಗೆ ಗಿಡದ ಮುಂದೆ ಕೂತವರ ಹಾಗೆ ನೆಲದ ಮೇಲೆ ಕೂತೇ ಇದ್ದೆವು.

ಬಂಡೆಯ ಅಡಿಯ ಕತ್ತಲಲ್ಲಿ ಬೆಳೆಯುವ ಹವಳ ಇದು. ಬೆಳಕು ಬೇಡ. ಆದರೆ ಊಟ ಬೇಕು, ಅದೂ ಕೈತುತ್ತು. ಪ್ರತಿ ಬಾಯಿಗೂ ಬೇರೆ ಬೇರೆಯಾಗಿ ಉಣಿಸಬೇಕು. ಒಂದು ಬಾಯಿ ಬಿಟ್ಟುಹೋದರೆ ಅದು ಅಲ್ಲೇ ಸೊರಗುತ್ತದೆ. ಶಾಲೆಯಿಂದ ಬಂದು ಸೀರೆ ಬದಲಿಸುವ ಮೊದಲು ಶೆಟ್ಲಿ ಸುಲಿಯಲು ಕೂರುತ್ತಿದ್ದೆ. ಕಲ್ಲಿನ ಎದುರುಭಾಗದ ನಡುವೆ ಎಲ್ಲಕ್ಕಿಂತ ದೊಡ್ಡದೊಂದು ಗುಬುಟು ಇತ್ತು. ಎಲ್ಲಕ್ಕಿಂತ ಮೊದಲು ಅರಳುತ್ತಿದ್ದದ್ದು ಅದೇ. ಅದಕ್ಕೆ ದೊಡ್ಡಕ್ಕ ಎಂದು ಹೆಸರಿಟ್ಟೆ. ಚಳಿಗಾಲ ಕಳೆಯುವಷ್ಟರಲ್ಲಿ ಕಲ್ಲಿನ ಬೋಳು ಜಾಗದಲ್ಲೆಲ್ಲ ಸಣ್ಣ ಸಣ್ಣ ಮರಿ ಎದ್ದವು. ಹವಳ ಸಾಯದೆ ಉಳಿಯುವುದು ಬೇರೆ, ಮರಿ ಹಾಕುವುದು ಬೇರೆ. ಆಗ ನನಗೆ ಆದ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ, ಈಗ ಹೇಳುತ್ತಿದ್ದೇನೆ.

ಮಳೆಗಾಲದ್ದೇ ಹೆದರಿಕೆ. ಮಳೆ ಹಿಡಿದರೆ ಕಾಳಿ ಹೊಳೆ ಉಕ್ಕಿ ಬಂದು ಕಾರವಾರದ ಕಡಲು ಸಪ್ಪೆಯಾಗುತ್ತದೆ, ಕೆಂಪಾಗುತ್ತದೆ. ಆ ನೀರು ತಂದು ಹಾಕಿದರೆ ಹವಳ ಸತ್ತ ಹಾಗೆಯೇ. ನಮ್ಮ ಕಡೆ ಮಳೆಗಾಲಕ್ಕೆಂದು ಕಟ್ಟಿಗೆ ಕೂಡಿಡುತ್ತಾರೆ, ಒಣಮೀನು, ಹಪ್ಪಳ, ಉಪ್ಪು ಕೂಡಿಡುತ್ತಾರೆ. ನಾನು ಸಮುದ್ರ ಕೂಡಿಟ್ಟೆ. ಹಾರವಾಡದಲ್ಲಿ ಹೊಳೆ ದೂರ, ನೀರು ಚೊಕ್ಕ. ಚೈತ್ರದಿಂದಲೇ ಪ್ರತಿ ರವಿವಾರ ಹೋಗಿ ಡಬ್ಬಿಯಲ್ಲಿ ತುಂಬಿ ತಂದು, ಅವ್ವನ ಹಳೆಯ ಉಪ್ಪಿನಕಾಯಿ ಭರಣಿಗಳಿಗೆ ಸುರಿದು, ಬಾಯಿಗೆ ಬಟ್ಟೆ ಬಿಗಿದು ಬಚ್ಚಲ ಕತ್ತಲಲ್ಲಿ ಸಾಲಾಗಿ ಇಟ್ಟೆ. "ಎಂತ ಹುಚ್ಚೇ ನಿಂದು, ಸಮುದ್ರದ ಉಪ್ಪಿನಕಾಯಿ ಹಾಕೂದಾ?" ಎಂದು ಅತ್ತೆ, ನಂದನಗದ್ದೆಯ ದೊಡ್ಡ ಮಗನ ಮನೆಯಿಂದ ಬಂದಿದ್ದಾಗ, ನೋಡಿ ನಕ್ಕಿದ್ದರು.

ಅಷ್ಟರಲ್ಲಿ ಹತ್ತನೇ ತರಗತಿ ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಕರೆ ಬಂತು. ಉಣಿಸುವುದು ಹೇಗೆ ಎಂದು ನಮ್ಮವರಿಗೆ ನೂರು ಸಲ ಹೇಳಿಕೊಟ್ಟು ಹೋದೆ. ತಿರುಗಿ ಬಂದು ಬಾಗಿಲು ತೆಗೆದರೆ ತೊಟ್ಟಿ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ತುಕ್ಕಿನ ಗುರುತು.

"ಅಣ್ಣ ಕೇಳ್ದ," ಎಂದರು ನಮ್ಮವರು, ನೆಲ ನೋಡುತ್ತ. "ಹೊಸ ಮನೆ ದಿವಾಣಖಾನೆಗೆ ಚಂದ ಕಾಣ್ತದೆ ಅಂದ. ನನ್ನ ಓದ್ಸಿದವ ಅವ. ಇಲ್ಲ ಅನ್ನೂಕೆ ಬಾಯಿ ಬರ್ಲಿಲ್ಲ."

"ನನ್ನ ಕೇಳೂಕೆ ಬಾಯಿ ಇತ್ತಲ್ಲ?"

ನಾನು ಅಳಲಿಲ್ಲ. ಅತ್ತರೆ ಸಿಟ್ಟು ಕರಗಿ ಹೋಗುತ್ತದೆ. ನನಗೆ ಅದು ಉಳಿಯಬೇಕಿತ್ತು.

ಆನೆ ಬಾಯಿಗೆ ಹೋದ ಕಬ್ಬು ತಿರುಗಿ ಬರುತ್ತದೆಯೇ. ಆದರೂ ಆ ಸಂಜೆಯೇ ನಂದನಗದ್ದೆಗೆ ಹೋದೆ. ತೊಟ್ಟಿಯನ್ನು ಗೋಡೆಗೆ ಒತ್ತಿ ಇಟ್ಟು, ಮೇಲೆ ಬಣ್ಣದ ಬಲ್ಬು ಕಟ್ಟಿದ್ದರು. ಹವಳ ಎಲ್ಲ ಬಾಯಿ ಮುಚ್ಚಿ ಕುಗ್ಗಿ ಕೂತಿತ್ತು. ನಾನು ತೊಟ್ಟಿ ಕೇಳಲು ಬಾಯಿ ತೆರೆಯುವ ಮೊದಲೇ ವಾಮನಭಾವ, "ಬಂದ್ಯಾ, ಒಳ್ಳೇದಾಯ್ತು. ಇದು ಹೂವೇ ಬಿಡೂದಿಲ್ಲ ಮಾರಾಯ್ತಿ. ದಿನಾ ಸಂಜಿಗೆ ಬಂದು ಅರಳ್ಸಿ ಹೋಗು," ಎಂದ. ಕೆಲಸದವಳಿಗೆ ಹೊತ್ತು ಗೊತ್ತು ಮಾಡಿದ ಹಾಗೆ.

ಹೋಗದಿದ್ದರೆ ಅವು ಹಸಿದು ಸಾಯುತ್ತಿದ್ದವು. ಹೋದೆ. ದಿನವೂ ಸಂಜೆ ಶೆಟ್ಲಿ ಡಬ್ಬಿ ಹಿಡಿದು ಹೋದೆ. ಜೂನಿನಲ್ಲಿ ಮಿರುಗದ ಮಳೆ ಶುರುವಾದ ಮೇಲೆ ಕೂಡಿಟ್ಟ ನೀರನ್ನೂ ಕ್ಯಾನಿನಲ್ಲಿ ಹೊತ್ತು ಹೋದೆ. ಒಮ್ಮೆ ಅವನ ಆಳು ಪೇಟೆಯ ಎದುರಿನ ಕಡಲಿನಿಂದಲೇ ಎರಡು ಕೊಡ ಕೆಂಪು ನೀರು ತಂದು ಸುರಿಯಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ದಿವಾಣಖಾನೆಯಲ್ಲಿ ದಿನಕ್ಕೊಬ್ಬರು ನೆಂಟರು, ಗುತ್ತಿಗೆ ಕೊಡಿಸುವವರು, ರೈಲು ಕೆಲಸಕ್ಕೆ ಬಂದ ಒಬ್ಬ ಇಂಜಿನಿಯರ್ ಸಾಹೇಬ. ಭಾವ ದೀಪ ಆರಿಸಿ, ಕೈ ತಟ್ಟಿ, "ಪ್ರಮೀಳಾ, ಬಾ, ಹೂ ಅರಳ್ಸು," ಎನ್ನುತ್ತಿದ್ದ. ನಾನು ಅಡುಗೆಮನೆಯಿಂದ ಹೊರಗೆ ಬಂದು ತೊಟ್ಟಿಗೆ ರಸ ಬಿಡಬೇಕು. ಹವಳ ಅರಳಬೇಕು. ಅವರು ಹಾ ಎನ್ನಬೇಕು. ಇದನ್ನು ದ್ವೀಪದ ಬಂಡೆಯ ಕೆಳಗಿಂದ ತಾನೇ ಮುಳುಗಿ ತಂದದ್ದು ಎಂದು ಅವನು ಹೇಳುತ್ತಿದ್ದ. ಈಜು ಬಾರದವನು.

ಒಂದು ಸಂಜೆ ಆ ಇಂಜಿನಿಯರ್ ಸಾಹೇಬರು ನನ್ನನ್ನೇ ಕೇಳಿದರು: "ನಿಮಗೆ ಇದೆಲ್ಲ ಹೇಗೆ ಗೊತ್ತು?"

ನಾನು ಹೇಳುವ ಮೊದಲೇ ಭಾವ ನಕ್ಕ. "ನಮ್ಮ ತಮ್ಮನ ಹೆಂಡ್ತಿ, ಸಾಹೇಬ್ರೆ. ಹಾರವಾಡದವ್ಳು. ಮೀನಿನ ನಾತಕ್ಕೆ ಹೇಸೂದಿಲ್ಲ. ಅದ್ಕೇ ಈ ಕೆಲ್ಸ ಅವ್ಳಿಗೆ ಕೊಟ್ಟದ್ದು." ಕೂತವರೆಲ್ಲ ನಕ್ಕರು. ಅವನು ಮುಂದುವರಿಸಿದ: "ಆಯ್ತು, ಕೈ ತೊಳ್ಕಂಡು ಒಳಗೆ ಹೋಗಿ ಚಾ ಕಳ್ಸು."

ಕೈ ತೊಳೆದುಕೊಂಡೆ. ಚಾ ಕಳಿಸಿದೆ. ಸಕ್ಕರೆ ಸರಿಯಾಗಿಯೇ ಹಾಕಿದ್ದೆ. ಆದರೆ ಆ ಹೊತ್ತಿನಲ್ಲಿ ನನ್ನೊಳಗೆ ಒಂದು ತೀರ್ಮಾನ ಆಗಿಹೋಯಿತು. ಇವನ ತೊಟ್ಟಿಯಲ್ಲಿ ನನ್ನದು ಒಂದೂ ಉಳಿಯಬಾರದು, ಮತ್ತು ಇವನು ಈ ದಿವಾಣಖಾನೆಯಲ್ಲಿ ಮೂಗು ಮುಚ್ಚಿಕೊಂಡು ಕೂರುವ ದಿನ ನಾನು ನೋಡಬೇಕು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಮಾರನೆಯ ದಿನದಿಂದ ಶೆಟ್ಲಿ ಡಬ್ಬಿಯ ಜೊತೆ ಇನ್ನೊಂದು ವಸ್ತು ಒಯ್ಯತೊಡಗಿದೆ. ಬಳಚಿನ, ಅಂದರೆ ಚಿಪ್ಪುಮೀನಿನ, ಚಿಪ್ಪು ಬಿಡಿಸಲು ಅವ್ವ ಇಟ್ಟುಕೊಂಡಿದ್ದ ಗಿಡ್ಡ ಮೊಂಡುಗತ್ತಿ. ಕಲ್ಲಿನ ಹಿಂಭಾಗ ಗೋಡೆಯ ಕಡೆಗಿತ್ತು. ಅತ್ತ ಯಾರ ಕಣ್ಣೂ ಹೋಗುತ್ತಿರಲಿಲ್ಲ. ಉಣಿಸುವ ನೆವದಲ್ಲಿ ತೋಳು ಇಳಿಸಿ, ಹಿಂಬದಿಯ ಗುಬುಟುಗಳ ಬುಡಕ್ಕೆ ಕತ್ತಿ ತೂರಿಸಿ, ಬಳಚು ಬಿಡಿಸುವಾಗ ಮಾಡುವ ಹಾಗೆಯೇ ಮಣಿಕಟ್ಟು ಒಂದಿಷ್ಟು ತಿರುವಿದರೆ ಬುಡದ ಚೂರು ಕಲ್ಲಿನ ಸಮೇತ ಎದ್ದು ಬರುತ್ತಿತ್ತು. ಆತುರಪಟ್ಟರೆ ಹವಳ ಹರಿಯುತ್ತದೆ. ಆದ್ದರಿಂದ ಒಂದು ಸಂಜೆಗೆ ಒಂದು, ಹೆಚ್ಚೆಂದರೆ ಎರಡು. ಡಬ್ಬಿಯಲ್ಲಿ ಶೆಟ್ಲಿ ಖಾಲಿಯಾದ ಜಾಗದಲ್ಲಿ ಅವು ಕೂರುತ್ತಿದ್ದವು. ಸೆರಗಿನ ಅಡಿಯಲ್ಲಿ ಹಿಡಿದು, ಮಳೆಯಲ್ಲಿ ಕೊಡೆ ಬಿಚ್ಚಿ, ಎಲ್ಲರಿಗೂ ಬರುತ್ತೇನೆಂದು ಹೇಳಿ ಹೊರಡುತ್ತಿದ್ದೆ.

ನಮ್ಮ ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯಿಂದ ದೂರದ ತಣ್ಣನೆ ಮೂಲೆಯಲ್ಲಿ, ಅಗಲ ಬಾಯಿಯ ಗಾಜಿನ ಭರಣಿಗಳನ್ನು ಇಟ್ಟೆ. ಬಲೆ ನೂಲಿನಿಂದ ಒಂದೊಂದು ಚೂರನ್ನೂ ಕಲ್ಲಿಗೆ ಕಟ್ಟಿದೆ. ಪಂಪು ಇರಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ, ಶಾಲೆಗೆ ಹೊರಡುವಾಗ, ಬಂದ ಮೇಲೆ, ತೆಂಗಿನ ಚಿಪ್ಪಿನ ಸೌಟಿನಿಂದ ನೀರೆತ್ತಿ ಎತ್ತಿ ಮೇಲಿಂದ ಸುರಿದು ಗಾಳಿ ಕೂಡಿಸಿದೆ. ತೋಳು ಬಿದ್ದುಹೋಗುತ್ತಿತ್ತು. ಅವು ಕತ್ತಲಲ್ಲಿ ಅರಳಿದವು. ಬೆಳಕು ಬೇಕಿಲ್ಲದ, ತುತ್ತು ಹಾಕಿದರೆ ಸಾಕಾಗುವ ಜಾತಿ. ನನ್ನ ಸಿಟ್ಟೂ ಅದೇ ಜಾತಿಯದು.

ಒಂದು ಬೆಳಿಗ್ಗೆ ನಮ್ಮವರು ಸ್ನಾನಕ್ಕೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಭರಣಿಯ ಬಟ್ಟೆ ಸರಿಸಿ ನೋಡಿರಬೇಕು. ಹೊರಗೆ ಬಂದು ತಲೆ ಒರೆಸಿಕೊಂಡರು, ಗಂಜಿ ಉಂಡು ಕಚೇರಿಗೆ ಹೋದರು. ಸಂಜೆ ಕಚೇರಿಯಿಂದ ಬರುವಾಗ ಮೀನು ಪೇಟೆಗೆ ಹೋಗಿ ಎಲೆಯಲ್ಲಿ ಸುತ್ತಿದ ಸಣ್ಣ ಶೆಟ್ಲಿ ತಂದು ನನ್ನ ಮುಂದೆ ಇಟ್ಟರು. ಮಳೆಗಾಲದಲ್ಲಿ ತಾಜಾ ಶೆಟ್ಲಿ ಸಿಗುವುದು ಸುಲಭವಲ್ಲ, ಎಷ್ಟು ಅಲೆದಿದ್ದರೋ. "ಸಾಕಾ, ಇನ್ನೂ ಬೇಕಾ?" ಎಂದಷ್ಟೇ ಕೇಳಿದರು. ಆ ದಿನ ನಾನು ಅವರನ್ನು ಕ್ಷಮಿಸಿದೆ. ಪೂರ್ತಿ ಅಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಕಲ್ಲಿನ ಹಿಂಬದಿ ಬೋಳಾಗಿತ್ತು. ಮಗ್ಗುಲಿನದೂ ಹೆಚ್ಚುಕಡಿಮೆ ಆಗಿತ್ತು. ಎದುರಿನದನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಬಂದವರೆಲ್ಲ ನೋಡುವುದು ಅದನ್ನೇ, ನಡುವೆ ಇದ್ದದ್ದು ದೊಡ್ಡಕ್ಕ. ಅದೊಂದು ಕಾಣೆಯಾದರೂ ಭಾವನಿಗೆ ಗೊತ್ತಾಗುತ್ತದೆ. ಅದನ್ನು ಹೇಗೆ ಬಿಡಿಸಲಿ ಎಂದು ಯೋಚಿಸುತ್ತಿರುವಾಗಲೇ ನೂಲ ಹುಣ್ಣಿಮೆ ಬಂತು.

ಆ ಹುಣ್ಣಿಮೆಯ ದಿನ ನಮ್ಮ ಕರಾವಳಿಯವರು ಕಡಲಿಗೆ ಹೋಗಿ ಪೂಜೆ ಮಾಡಿ, ಹಾಲು ಎರೆದು, ತೆಂಗಿನಕಾಯಿ ಬಿಡುತ್ತಾರೆ. ಕಡಲು ಸಿಟ್ಟು ಇಳಿಸಿಕೊಳ್ಳಲಿ, ದೋಣಿ ನೀರಿಗಿಳಿಯಲಿ ಎಂದು. ವಾಮನಭಾವ ಆ ವರ್ಷ ಸಾಹೇಬರನ್ನೂ ಅವರ ಮನೆಯವರನ್ನೂ ಕರೆದಿದ್ದ, ದಂಡೆಯಲ್ಲಿ ದೊಡ್ಡ ಪೂಜೆ ಎಂದು. ಆದರೆ ಬೆಳಗಿನಿಂದ ಆಕಾಶ ಹರಿದು ಬೀಳುವ ಮಳೆ. ನಾನು ಶೆಟ್ಲಿ ಡಬ್ಬಿ ಹಿಡಿದು ಒಳಗೆ ಹೋದಾಗ ದಿವಾಣಖಾನೆ ತುಂಬ ಜನ. ತೊಟ್ಟಿಯ ಚೌಕಟ್ಟಿಗೆ ಹೂಮಾಲೆ ಹಾಕಿತ್ತು. ಮುಂದೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬೆಳ್ಳಿ ಬಿಂದಿಗೆಯಲ್ಲಿ ಹಾಲು, ಸುಲಿದ ತೆಂಗಿನಕಾಯಿ.

"ಸಮುದ್ರಕ್ಕೆ ನಾವ್ಯಾಕೆ ಹೋಗೂದು ಸಾಹೇಬ್ರೆ," ಎನ್ನುತ್ತಿದ್ದ ಭಾವ. "ಸಮುದ್ರವೇ ನಮ್ಮನೇಲಿ ಅದೆ."

ಅತ್ತೆಗೆ ಏನೋ ಅಳುಕು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಾಲು ಎರಿಯೂದು ಅಡ್ಡಿಲ್ವೇ?"

ಆ ಕ್ಷಣವನ್ನು ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದೇನೆ. ನನ್ನ ಮುಂದೆ ಎರಡು ದಾರಿ ಇದ್ದವು. ಭಾವನನ್ನು ಒಳಗೆ ಕರೆದು, "ಒಂದು ಹನಿ ಹಾಕಿದ ಹಾಗೆ ಮಾಡಿ, ಉಳಿದದ್ದು ಬಿಂದಿಗೆಯಲ್ಲೇ ಇರಲಿ, ನಿಮ್ಮ ಹವಳ ಉಳಿಯುತ್ತದೆ," ಎಂದು ಪುಸಲಾಯಿಸಿದ್ದರೆ ಅವನು ಕೇಳುತ್ತಿದ್ದ. ಅವನ ಸ್ವಭಾವ ನನಗೆ ಗೊತ್ತಿತ್ತು. ನಾಲ್ಕು ಜನರ ಮುಂದೆ ಹೆಂಗಸೊಬ್ಬಳು ಬೇಡ ಎಂದರೆ ಏನು ಮಾಡುತ್ತಾನೆ ಎಂಬುದೂ ಗೊತ್ತಿತ್ತು. ತೊಟ್ಟಿ ನೋಡಿದೆ. ಮೋಡದ ಕತ್ತಲೆಗೆ ದೊಡ್ಡಕ್ಕ ಆಗಲೇ ಅರ್ಧ ಅರಳಿತ್ತು. ನಾನು ಬಂದದ್ದು ಅದಕ್ಕೆ ತಿಳಿದಿತ್ತು ಎಂದು ನನಗೆ ಅನ್ನಿಸಿತು. ಅಂಥ ತಿಳಿವಳಿಕೆ ಹವಳಕ್ಕೆ ಇಲ್ಲ ಎಂದು ವಿಜ್ಞಾನ ಕಲಿಸುವ ನನಗೆ ಗೊತ್ತಿಲ್ಲವೇ. ಆದರೂ ಅನ್ನಿಸಿತು.

ನಾನು ಶಾಲೆಯ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದೆ: "ಬೇಡ ಭಾವ. ಹಾಲು ಹಾಕ್ಬೇಡಿ. ಹಾಕಿದ್ರೆ ಎಲ್ಲಾ ಸಾಯ್ತವೆ. ನೀರು ಕೊಳೀತದೆ. ನಿಮಗೆ ಇದ್ರ ವಿಷ್ಯ ಗೊತ್ತಿಲ್ಲ."

ಸಾಹೇಬರು ಭಾವನ ಮುಖ ನೋಡಿದರು.

"ನಂಗೆ ಗೊತ್ತಿಲ್ಲ?" ಎಂದ ಭಾವ. "ಮುಳುಗಿ ತಂದವ ನಾನು. ಹಾರವಾಡದಿಂದ ಬಂದವ್ರು ನಂಗೆ ಸಮುದ್ರಪೂಜೆ ಕಲ್ಸೂದಾ?" ಬಿಂದಿಗೆ ಎತ್ತಿ ಪೂರ್ತಿ ಬಗ್ಗಿಸಿದ. ಅರಿಶಿನ, ಕುಂಕುಮ ತಟ್ಟೆ ಸಮೇತ ಕೊಡವಿದ. ಕಾಯಿ ಒಡೆದು ಎಳೆನೀರನ್ನೂ ಹೊಯ್ದು, ಎರಡು ಕಡಿಯನ್ನೂ ತೊಟ್ಟಿಯೊಳಗೇ ಬಿಟ್ಟ. ನೀರು ಬೆಳ್ಳಗಾಯಿತು, ಆಮೇಲೆ ಕೆಸರಿನ ಬಣ್ಣಕ್ಕೆ ತಿರುಗಿತು. ದೊಡ್ಡಕ್ಕ ಕಾಣದಾಯಿತು.

ಅವನು ನನ್ನ ಕಡೆ ತಿರುಗಿ ಗೆದ್ದವನ ನಗೆ ನಕ್ಕ. ನಾನು ತಲೆ ತಗ್ಗಿಸಿದೆ. ನಾನೂ ನಗುತ್ತಿದ್ದೆ, ಅದು ಅವನಿಗೆ ಕಾಣಬಾರದಿತ್ತು. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಭರಣಿಗಳ ಮುಂದೆ ಕೂತಾಗ ಮಾತ್ರ ನಗು ಉಳಿಯಲಿಲ್ಲ.

ಉಪ್ಪು ತಿಂದವ ನೀರು ಕುಡಿಯಲೇಬೇಕು. ಮಾರನೆಯ ದಿನವೇ ವಾಸನೆ ಎದ್ದಿತು. ಹಾಲು ಹುಳಿಯಿತು, ಕಾಯಿ ಲೋಳೆ ಬಿಟ್ಟಿತು, ಸತ್ತ ಹವಳ ಕರಗಿ ಕೊಳೆಯಿತು. ಮಳೆಗೆ ಕಿಟಕಿ ತೆಗೆಯುವ ಹಾಗಿಲ್ಲ. ವಾಸನೆ ಮಹಡಿ ಹತ್ತಿತು, ಅಡುಗೆಮನೆಗೆ ಹೋಯಿತು, ಒಣಗದ ಬಟ್ಟೆಗೆ ಹತ್ತಿತು. ಸಾಹೇಬರು ಮತ್ತೊಮ್ಮೆ ಬಂದವರು ಮೂಗಿಗೆ ಕರವಸ್ತ್ರ ಹಿಡಿದು, ಚಾ ಬೇಡವೆಂದು ಬಾಗಿಲಿನಿಂದಲೇ ತಿರುಗಿ ಹೋದರಂತೆ. ಹಾರವಾಡದ ನಾತ ಏನು ಮಹಾ!

ಕೊಳೆತ ನೀರನ್ನು ಗಟಾರಕ್ಕೆ ಚೆಲ್ಲಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಬಿಡಲಿಲ್ಲ. "ಪೂಜೆ ಮಾಡಿದ ನೀರು. ಅದ್ರಲ್ಲಿ ಕಾಯಿ ಅದೆ, ಕುಂಕುಮ ಅದೆ. ಗಟಾರಕ್ಕೆ ಚೆಲ್ಲಿ ಎಲ್ಲಿಗೆ ಹೋಗೂದು? ಸಮುದ್ರಕ್ಕೇ ಬಿಡ್ಬೇಕು. ಕೊಡದಲ್ಲಿ ಮೊಗ್ದು ಎಂಜಲ ಮಾಡ್ಬೇಡಿ, ಇದ್ದ ಹಾಂಗೇ ಹೊತ್ಕಂಡು ಹೋಗಿ." ಆ ಮಾತಿಗೆ ಎದುರಾಡುವ ಧೈರ್ಯ ಭಾವನಿಗೆ ಇರಲಿಲ್ಲ. ಲಾರಿಯ ಆಳುಗಳನ್ನು ಕರೆಸಿದ. ತುಂಬಿದ ತೊಟ್ಟಿಯನ್ನು ಎತ್ತಿದರೆ ಪುಟ್ಟಿ ಬಾಯಿ ಬಿಡುತ್ತದೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ನಾನು ಹೇಳಲಿಲ್ಲ. ಒಮ್ಮೆ ಹೇಳಿ ಆಗಿತ್ತಲ್ಲ.

ನಾನು ಎಂದಿನ ಹಾಗೆ ಶೆಟ್ಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಳುಗಳು ಹೆಗಲು ಕೊಟ್ಟು ನೆಲದಿಂದ ಎತ್ತಿದರು. ಚೌಕಟ್ಟು ಒಂದು ಕಡೆ ವಾಲಿತು. ಮುಂದಿನ ಗಾಜು ಹಲಗೆಯಂತೆ ಕಳಚಿ ನೆಲಕ್ಕೆ ಬಿತ್ತು. ಇಡೀ ಸಮುದ್ರ ದಿವಾಣಖಾನೆಯ ಮೇಲೆ ಹರಿಯಿತು. ಹೊಸ ಜಮಖಾನೆ, ಸೋಫಾದ ಕಾಲು, ಎಲ್ಲ ತೋಯಿಸಿ ಗೋಡೆಯ ಬುಡಕ್ಕೆ ಹೋಗಿ ನಿಂತಿತು. ಚಿರೆಕಲ್ಲಿನ ಗೋಡೆ, ಮೇಲೆ ತೆಳು ಗಾರೆ. ನೋಡ ನೋಡುತ್ತಿದ್ದಂತೆ ಹೀರಿಕೊಂಡಿತು. ಭಾವ ಪಂಚೆ ಮೊಣಕಾಲಿಗೆ ಎತ್ತಿ ಹಿಡಿದು ಸೋಫಾದ ಮೇಲೆ ಹತ್ತಿ ನಿಂತಿದ್ದ. ಆ ಚಿತ್ರ ಇವತ್ತಿಗೂ ನನ್ನ ಬಳಿ ಇದೆ. ಬೇಸರವಾದಾಗ ತೆಗೆದು ನೋಡುತ್ತೇನೆ.

ನೀರು ಇಳಿದ ಮೇಲೆ ಅವನು ಕಲ್ಲನ್ನು ಎತ್ತಿ ತಿರುಗಿಸಿದ. ಎದುರುಗಡೆ ಸತ್ತ ಗುಬುಟುಗಳ ಬಿಳಿ ಗೂಡು. ಹಿಂದುಗಡೆ ಅದೂ ಇಲ್ಲ, ಕೆತ್ತಿ ತೆಗೆದಂತೆ ನುಣ್ಣಗೆ ಬೋಳು. ಅವನ ಮುಖದ ಬಣ್ಣ ಹೋಯಿತು.

"ಇದು ಎಲ್ಲಿಗೆ ಹೋಯ್ತು?" ಎಂದ.

ಅತ್ತೆ ಕೈ ಮುಗಿದರು. "ಸಮುದ್ರದ್ದು ಸಮುದ್ರ ವಾಪಸ್ ತಕಂಡ್ತು. ಮನೇಲಿ ಕಟ್ಟಿ ಹಾಕಿ ಪೂಜೆ ಮಾಡಿದ್ರೆ ಬಿಡ್ತದಾ ಅದು? ತಪ್ಪಾಯ್ತು ಅಂತ ತಪ್ಪು ಕಾಯಿ ಕಟ್ಟು ವಾಮನಾ."

ನಾನು ಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡೆ. ಬಿಸಾಡಿ ಬರುತ್ತೇನೆ ಎಂದೆ. ಬಿಸಾಡಲಿಲ್ಲ. ದೊಡ್ಡಕ್ಕನ ಗೂಡನ್ನು ಬಿಡಿಸಿ ಇಟ್ಟುಕೊಂಡೆ. ಇದನ್ನು ಬರೆಯುವಾಗ ಕಾಗದ ಹಾರದಂತೆ ಅದೇ ಮೇಲೆ ಕೂತಿದೆ. ಅದರ ಸಾವನ್ನೂ ನಾನು ಅವನ ಹೆಸರಿಗೇ ಬರೆದಿದ್ದೇನೆ. ಬಿಂದಿಗೆ ಹಿಡಿದ ಕೈ ಅವನದು.

ಬಚ್ಚಲಲ್ಲಿ ಇದ್ದವು ಬದುಕಿದವು. ಚಳಿಗಾಲದಲ್ಲಿ ಕಡಲು ತಿಳಿಯಾದ ಮೇಲೆ ಅವನ್ನು ಹಾರವಾಡಕ್ಕೆ ಒಯ್ದೆ. ಗಣಪು ದೋಣಿಯಲ್ಲಿ ಒಯ್ದು, ಅವು ಸಿಕ್ಕಿದ ಕಡೆಯೇ ಬಂಡೆಯ ನೆರಳಿಗೆ ಕಲ್ಲು ಸಮೇತ ಇಳಿಸಿ ಬಂದ. "ಇಷ್ಟು ಕಷ್ಟ ಪಟ್ಟು ಸಾಕಿದ್ದು, ಬಿಡೂದ್ಯಾಕೆ?" ಎಂದು ಕೇಳಿದ. ಮನೆಯಲ್ಲಿಟ್ಟರೆ ಇನ್ನೊಬ್ಬ ವಾಮನ ಬರುತ್ತಾನೆ ಎಂದೆ. ಮತ್ತೆ ನಾನು ತೊಟ್ಟಿ ಕಟ್ಟಿಸಲಿಲ್ಲ.

ಆಮೇಲಿನ ವರ್ಷಗಳಲ್ಲಿ ವಾಮನಭಾವನ ಒಂದು ಲಾರಿ ಘಟ್ಟದಲ್ಲಿ ಉರುಳಿತು. ರೈಲು ಓಡತೊಡಗಿ ಜಲ್ಲಿಯ ಕೆಲಸ ಮುಗಿಯಿತು. ಎಲ್ಲರಿಗೂ ಬರುವ ಏರಿಳಿತವೇ ಅದು. ಅವನು ಮಾತ್ರ ಎಲ್ಲವನ್ನೂ ಆ ಹುಣ್ಣಿಮೆಗೆ ಗಂಟು ಹಾಕಿದ. ಪ್ರತಿ ನೂಲ ಹುಣ್ಣಿಮೆಗೆ ದಂಡೆಗೆ ಹೋಗಿ ತಪ್ಪು ಕಾಯಿ ಬಿಟ್ಟ, ಕಣ್ಣೀರು ಹಾಕಿದ. ಮಳೆ ಬಂದ ಕೂಡಲೇ ಗೋಡೆ ಉಪ್ಪು ಬಿಡುತ್ತಿತ್ತು. ಕಡಲು ಇನ್ನೂ ಒಪ್ಪಿಲ್ಲ ಎಂದು ಅವನು ತಿಳಿದ. ನಾನು ಎಲ್ಲ ನೋಡುತ್ತ ಸುಮ್ಮನಿದ್ದೆ.

ಕಳೆದ ಶ್ರಾವಣದ ಆ ದಿನ ಸೊಸೆ ಚಾ ತರಲು ಒಳಗೆ ಹೋದಾಗ ಅವನು ಕೈಸನ್ನೆ ಮಾಡಿ ಹತ್ತಿರ ಕರೆದ. ಉಂಗುರಗಳೆಲ್ಲ ಸಡಿಲವಾಗಿ ತೆಗೆದಿಟ್ಟಿದ್ದರು, ಬೆರಳುಗಳು ಬರಿದಾಗಿದ್ದವು.

"ಪ್ರಮೀಳಾ, ಒಂದು ಕೇಳ್ತೆ. ನೀನು ತಿಳ್ದವ್ಳು," ಎಂದ. ದನಿ ಸಣ್ಣಗಾಗಿತ್ತು. "ಆವತ್ತು ಅದ್ರಲ್ಲಿ ಒಂದಾದ್ರೂ ಬದ್ಕಿತ್ತಾ? ಒಂದು ಬದ್ಕಿದ್ದು ಗೊತ್ತಾದ್ರೂ ಸಾಕು. ಹೋಗೂವಾಗ ಹಗುರಾಗಿ ಹೋಗ್ವೆ."

ಹೇಳಬಹುದಿತ್ತು. ಅರ್ಧಕ್ಕರ್ಧ ಬದುಕಿದ್ದವು ಭಾವ, ನಮ್ಮ ಬಚ್ಚಲಲ್ಲಿ ಅರಳಿದ್ದವು, ಈಗಲೂ ಹಾರವಾಡದ ಬಂಡೆ ಕೆಳಗೆ ಅರಳುತ್ತಿರಬಹುದು ಎಂದು ಹೇಳಬಹುದಿತ್ತು. ಮಾತು ನಾಲಗೆಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಒಳಗಿನಿಂದ ಸೊಸೆ ಕೂಗಿ ಕೇಳಿದಳು: "ಅಕ್ಕೋರೆ, ಚಾಕ್ಕೆ ಸಕ್ರೆ ಹಾಕೂದಾ?" ಆ ಕೋಣೆಯಲ್ಲಿ, ಅದೇ ಜಾಗದಲ್ಲಿ ನಿಂತು ಚಾ ಕಳಿಸು ಎಂದು ಅವನು ಹೇಳಿದ್ದು ಕಿವಿಗೆ ಬಂತು. ಕೂತವರ ನಗು ಬಂತು.

"ನೀವು ಹಾಲು ಹಾಕಿದ್ರಲ್ಲ ಭಾವ," ಎಂದೆ, "ಆ ತೊಟ್ಟಿಯಲ್ಲಿ ಇದ್ದದ್ದು ಒಂದೂ ಬದುಕ್ಲಿಲ್ಲ. ನಾನು ಬೇಡ ಅಂದಿದ್ದೆ."

ಸುಳ್ಳು ಒಂದಕ್ಷರ ಇರಲಿಲ್ಲ. ಅವನು ಕಷ್ಟದಿಂದ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಉಪ್ಪು ಅವನ ಕಣ್ಣಿಗೆ ಗೇಣುದ್ದ ದೂರದಲ್ಲಿತ್ತು.

ನಾನು ಚಾ ಕುಡಿದು, ಲೋಟ ತೊಳೆದಿಟ್ಟು, ಕೊಡೆ ಬಿಚ್ಚಿ ಹೊರಗೆ ಬಂದೆ. ಮಳೆ ಇನ್ನೂ ಸುರಿಯುತ್ತಿತ್ತು.